ಹಸಿರು ಟಿಕ್‌ಗೆ ಕಾಣದ ಫೋನುಗಳು

2014ರ ಮಾರ್ಚ್‌ನಲ್ಲಿ ದಕ್ಷಿಣ ಕೊರಿಯಾದ ಅಂದಿನ ಅಧ್ಯಕ್ಷೆ ಪಾರ್ಕ್ ಗ್ಯುನ್‌ಹೆ ಸರ್ಕಾರಿ ಸಭೆಯೊಂದರಲ್ಲಿ ಹೆಂಗಸರ ಕೋಟೊಂದರ ಮಾತೆತ್ತಿದರು. ‘ಮೈ ಲವ್ ಫ್ರಮ್ ದಿ ಸ್ಟಾರ್’ ಎಂಬ ಕೊರಿಯನ್ ಧಾರಾವಾಹಿ ಆಗ ಚೀನಾದಲ್ಲಿ ಮನೆಮಾತಾಗಿತ್ತು. ನಾಯಕಿ ತೊಟ್ಟ ಕೋಟನ್ನು ಕೊಳ್ಳಲು ಚೀನಾದ ಅಭಿಮಾನಿಗಳು ಕೊರಿಯಾದ ಆನ್‌ಲೈನ್ ಅಂಗಡಿಗಳಿಗೆ ಬಂದರೆ, ಹಣ ಕಟ್ಟುವ ಪುಟದಲ್ಲಿ ಮುಗ್ಗರಿಸುತ್ತಿದ್ದರು. ಆ ಪುಟಕ್ಕೆ ಆಕ್ಟಿವ್‌ಎಕ್ಸ್ ಎಂಬ ಬ್ರೌಸರ್ ಜೋಡಣೆ ಬೇಕಿತ್ತು, ಆಕ್ಟಿವ್‌ಎಕ್ಸ್‌ಗೆ ಇಂಟರ್ನೆಟ್ ಎಕ್ಸ್‌ಪ್ಲೋರರ್ ಬೇಕಿತ್ತು, ಅದರ ಮೇಲೆ ವಿದೇಶಿಯರಿಗೆ ಸುಲಭವಾಗಿ ಸಿಗದ ಡಿಜಿಟಲ್ ಪ್ರಮಾಣಪತ್ರವೂ ಬೇಕಿತ್ತು. ಗಿರಾಕಿ ದುಡ್ಡು ಹಿಡಿದು ಬಾಗಿಲಲ್ಲಿ ನಿಂತಿದ್ದಾನೆ, ಅಂಗಡಿಯವನಿಗೆ ತೆಗೆದುಕೊಳ್ಳಲು ಆಗುತ್ತಿಲ್ಲ ಎಂಬುದು ಅಧ್ಯಕ್ಷೆಯ ತಕರಾರು.

ಈ ಗೊಂದಲದ ಬೇರು 1990ರ ದಶಕದ ಕೊನೆಯಲ್ಲಿತ್ತು. ಗಟ್ಟಿಯಾದ ಗೂಢಲಿಪಿ ತಂತ್ರಾಂಶದ ರಫ್ತಿಗೆ ಅಮೆರಿಕ ಕಡಿವಾಣ ಹಾಕಿದ್ದ ಕಾಲವದು. ಬ್ಯಾಂಕ್ ವ್ಯವಹಾರದ ಭದ್ರತೆಗಾಗಿ ಕೊರಿಯಾ ‘ಸೀಡ್’ ಎಂಬ ತನ್ನದೇ ಗೂಢಲಿಪಿಯನ್ನು ರೂಪಿಸಿಕೊಂಡಿತು. ಅದನ್ನು ಬ್ರೌಸರ್‌ಗೆ ಜೋಡಿಸಲು ಆಗ ಕೈಗೆಟುಕಿದ ದಾರಿ ಮೈಕ್ರೋಸಾಫ್ಟ್‌ನ ಆಕ್ಟಿವ್‌ಎಕ್ಸ್. ಅಂದಿಗೆ ಅದು ತಪ್ಪು ನಿರ್ಧಾರವೇನಲ್ಲ. ಆದರೆ ದಶಕ ಕಳೆದ ಮೇಲೂ ದೇಶದ ಬ್ಯಾಂಕು, ಅಂಗಡಿ, ಸರ್ಕಾರಿ ಕಚೇರಿಗಳು ಅದೇ ಬ್ರೌಸರ್‌ಗೆ ಅಂಟಿಕೊಂಡೇ ಇದ್ದವು. 2022ರ ಜೂನ್ 15ರಂದು ಮೈಕ್ರೋಸಾಫ್ಟ್ ಇಂಟರ್ನೆಟ್ ಎಕ್ಸ್‌ಪ್ಲೋರರ್‌ಗೆ ವಿದಾಯ ಹೇಳಿದಾಗ ಗ್ಯೊಂಗ್ಜು ನಗರದ ಎಂಜಿನಿಯರ್ ಒಬ್ಬರು ಕೆಫೆಯೊಂದರ ಮಹಡಿಯಲ್ಲಿ ಅದಕ್ಕೆ ಗೋರಿಕಲ್ಲು ನೆಟ್ಟರು. ಬೇರೆ ಬ್ರೌಸರ್‌ಗಳನ್ನು ಇಳಿಸಿಕೊಳ್ಳಲು ಇದು ಒಳ್ಳೆಯ ಸಾಧನವಾಗಿತ್ತು ಎಂಬ ಅರ್ಥದ ಸಾಲು ಅದರ ಮೇಲಿತ್ತು.

ಕೊರಿಯಾದ ಕಥೆಗೆ ನಗುವ ಮೊದಲು ನಮ್ಮ ಸರ್ಕಾರಿ ಜಾಲತಾಣಗಳ ಅಡಿಭಾಗದಲ್ಲಿ ವರ್ಷಗಟ್ಟಲೆ ಕುಳಿತಿದ್ದ ಒಂದು ಸಾಲನ್ನು ನೆನೆಯಬೇಕು: ಈ ಪುಟ ಇಂಟರ್ನೆಟ್ ಎಕ್ಸ್‌ಪ್ಲೋರರ್‌ನಲ್ಲಿ, ಇಷ್ಟು ಅಳತೆಯ ಪರದೆಯಲ್ಲಿ ಚೆನ್ನಾಗಿ ಕಾಣುತ್ತದೆ. ಈಗ ಆ ಜಾಗದಲ್ಲಿ ಎಷ್ಟೋ ಕಡೆ ಕ್ರೋಮ್ ಹೆಸರು ಬಂದಿದೆ. ಅರ್ಜಿ ತುಂಬದಿದ್ದರೆ, ಹಣ ಹೋಗದಿದ್ದರೆ ಸಹಾಯವಾಣಿಯವರು ಹೇಳುವ ಮೊದಲ ಪರಿಹಾರವೂ ಕ್ರೋಮ್‌ನಲ್ಲಿ ತೆರೆಯಿರಿ ಎಂಬುದೇ. ಹೆಸರು ಬದಲಾಯಿತು, ರೋಗ ಹಾಗೇ ಉಳಿಯಿತು.

ಬೇರೆ ಬೇರೆ ಬ್ರೌಸರ್‌ಗಳಲ್ಲಿ ಜಾಲತಾಣವನ್ನು ಪರೀಕ್ಷಿಸುವ ಉಪಕರಣಗಳಿಗೆ ಇಂದು ಬರವಿಲ್ಲ. ಸೆಲೆನಿಯಮ್, ಸೈಪ್ರೆಸ್, ಪ್ಲೇರೈಟ್, ಬ್ರೌಸರ್‌ಸ್ಟ್ಯಾಕ್, ಸಾಸ್ ಲ್ಯಾಬ್ಸ್ ಹೀಗೆ ಪಟ್ಟಿ ಬೆಳೆಯುತ್ತದೆ. ಇವನ್ನು ಅಕ್ಕಪಕ್ಕ ಇಟ್ಟು ಹೋಲಿಸುವ ಕೋಷ್ಟಕಗಳೂ ಬೇಕಾದಷ್ಟಿವೆ. ಯಾವುದು ವೇಗ, ಯಾವುದು ಅಗ್ಗ, ಯಾವುದು ಎಷ್ಟು ಪ್ರೋಗ್ರಾಮಿಂಗ್ ಭಾಷೆಗಳನ್ನು ಬಲ್ಲದು, ಎಷ್ಟು ಸಾಧನಗಳನ್ನು ಒದಗಿಸುತ್ತದೆ ಎಂಬ ಕಾಲಮ್‌ಗಳೆಲ್ಲ ಅವುಗಳಲ್ಲಿ ಇರುತ್ತವೆ. ಇರಲೇಬೇಕಾದ ಇನ್ನೊಂದು ಕಾಲಮ್ ಮಾತ್ರ ಇರುವುದಿಲ್ಲ. ಯಾವ ಉಪಕರಣಕ್ಕೆ ಏನು ಕಾಣುವುದಿಲ್ಲ ಎಂಬುದು ಆ ಕಾಲಮ್. ಕನ್ನಡದ ಜಾಲತಾಣಗಳ ಮಟ್ಟಿಗೆ, ಅದರಲ್ಲೂ ಜನ ಅನಿವಾರ್ಯವಾಗಿ ಬಳಸಬೇಕಾದ ಸರ್ಕಾರಿ ಸೇವೆಗಳ ಮಟ್ಟಿಗೆ, ಉಪಕರಣವನ್ನು ಆರಿಸಬೇಕಾದದ್ದು ಅದನ್ನು ನೋಡಿಯೇ.

ಬ್ರೌಸರ್‌ಗಳ ಹೆಸರು ಹತ್ತಾರಿದ್ದರೂ ಪುಟವನ್ನು ಬಿಡಿಸಿ ತೋರಿಸುವ ಮುಖ್ಯ ಎಂಜಿನ್‌ಗಳು ಈಗ ಮೂರೇ. ಕೆಡಿಇ ಎಂಬ ಮುಕ್ತ ತಂತ್ರಾಂಶ ಯೋಜನೆಯ ಕೆಎಚ್‌ಟಿಎಂಎಲ್ ಅನ್ನು ತೆಗೆದುಕೊಂಡು ಆಪಲ್ ತನ್ನ ವೆಬ್‌ಕಿಟ್ ಮಾಡಿಕೊಂಡಿತು. 2003ರಲ್ಲಿ ಸಫಾರಿ ಅದರ ಮೇಲೆಯೇ ಬಂತು. 2008ರಲ್ಲಿ ಗೂಗಲ್ ಕೂಡ ಕ್ರೋಮ್ ಅನ್ನು ವೆಬ್‌ಕಿಟ್ ಮೇಲೆ ಕಟ್ಟಿತು, 2013ರಲ್ಲಿ ಬೇರೆ ಮನೆ ಮಾಡಿ ಅದಕ್ಕೆ ಬ್ಲಿಂಕ್ ಎಂದು ಹೆಸರಿಟ್ಟಿತು. ಅದೇ ವರ್ಷ ಒಪೆರಾ ತನ್ನ ಪ್ರೆಸ್ಟೋ ಎಂಜಿನ್ ಕೈಬಿಟ್ಟು ಗೂಗಲ್‌ನ ಹಾದಿ ಹಿಡಿಯಿತು. 2020ರ ಜನವರಿಯಲ್ಲಿ ಮೈಕ್ರೋಸಾಫ್ಟ್‌ನ ಎಡ್ಜ್ ಕೂಡ ಬ್ಲಿಂಕ್‌ಗೆ ಬಂದು ಸೇರಿತು. ಫೈರ್‌ಫಾಕ್ಸ್‌ನ ಗೆಕೊ ಮಾತ್ರ ತನ್ನ ಪಾಡಿಗೆ ತಾನಿದೆ. ಐಫೋನ್‌ನ ಲೆಕ್ಕ ಬೇರೆ. ಅದರಲ್ಲಿ ಕ್ರೋಮ್ ಹಾಕಿಕೊಂಡರೂ ಫೈರ್‌ಫಾಕ್ಸ್ ಹಾಕಿಕೊಂಡರೂ ಒಳಗೆ ದುಡಿಯುವುದು ವೆಬ್‌ಕಿಟ್. ಯುರೋಪ್ ಒಕ್ಕೂಟದಲ್ಲಿ ಹೊಸ ಕಾನೂನಿನ ಒತ್ತಡಕ್ಕೆ ಆಪಲ್ 2024ರಲ್ಲಿ ಈ ಬಾಗಿಲನ್ನು ತುಸು ತೆರೆಯಿತು. ಭಾರತದ ಬಳಕೆದಾರರಿಗೆ ಆ ಸಡಿಲಿಕೆ ಅನ್ವಯಿಸಲಿಲ್ಲ.

ಮೂರೇ ಎಂಜಿನ್ ಇದ್ದರೆ ತೊಂದರೆ ಕಡಿಮೆಯಾಗಬೇಕಲ್ಲವೇ? ಒಂದಿಷ್ಟು ಕಡಿಮೆಯಾಗಿರುವುದು ನಿಜ. ಆದರೆ ಉಳಿದಿರುವ ತೊಂದರೆಗಳು ನೇರವಾಗಿ ಕೆಲಸವನ್ನೇ ಕೆಡಿಸುವಂಥವು. ಐಫೋನ್‌ನ ಸಫಾರಿ ಪರದೆಯ ಪೂರ್ಣ ಎತ್ತರವನ್ನು ಲೆಕ್ಕ ಹಾಕುವಾಗ ಕೆಳಗಿನ ಪಟ್ಟಿ ಮರೆಯಾದ ಸ್ಥಿತಿಯನ್ನು ಹಿಡಿಯುತ್ತಿತ್ತು. ಪಟ್ಟಿ ಕಾಣಿಸುತ್ತಿರುವಾಗ ಪುಟದ ತಳಭಾಗ ಅದರಡಿ ಸಿಕ್ಕಿಕೊಳ್ಳುತ್ತಿತ್ತು. ‘ಹಣ ಪಾವತಿಸಿ’ ಎಂಬ ಬಟನ್ ಅಲ್ಲಿದ್ದರೆ ಬಳಕೆದಾರನಿಗೆ ಅದು ಇದೆಯೆಂದೇ ತಿಳಿಯದು. ಇದಕ್ಕೆ ಹೊಸ ಅಳತೆಯ ಘಟಕಗಳು ಸಫಾರಿಗೆ ಬಂದದ್ದು 2022ರ ಮಾರ್ಚ್‌ನಲ್ಲಿ. ದಿನಾಂಕ ಮತ್ತು ಸಮಯದ ನಡುವೆ ಬರೀ ಖಾಲಿ ಜಾಗ ಬಿಟ್ಟು ಬರೆದರೆ ಕ್ರೋಮ್ ಅರ್ಥಮಾಡಿಕೊಳ್ಳುತ್ತಿತ್ತು, ಸಫಾರಿ ಹಲವು ವರ್ಷ ಅದನ್ನು ಅಸಿಂಧು ದಿನಾಂಕ ಎನ್ನುತ್ತಿತ್ತು. ಕ್ರೋಮ್ ನೋಡಿಯೇ ಬರೆದ ಟಿಕೆಟ್ ಕಾಯ್ದಿರಿಸುವ ಪುಟ ಇಷ್ಟಕ್ಕೇ ಕೈಕೊಡಬಲ್ಲದು.

ಎಲ್ಲಕ್ಕಿಂತ ಕಟುವಾದ ಉದಾಹರಣೆಯ ಹೆಸರು ‘ಲುಕ್‌ಬಿಹೈಂಡ್’. ಪಠ್ಯದಲ್ಲಿ ಒಂದು ಅಕ್ಷರವನ್ನು, ಅದರ ಹಿಂದೆ ಇಂಥದ್ದೇ ಇದ್ದರೆ ಮಾತ್ರ ಹುಡುಕು ಎಂದು ಹೇಳುವ ಜಾವಾಸ್ಕ್ರಿಪ್ಟ್‌ನ ಸಣ್ಣ ಸೌಲಭ್ಯವಿದು. ಮೊತ್ತದ ಅಂಕಿಗಳ ನಡುವೆ ಅಲ್ಪವಿರಾಮ ಹಾಕುವಂಥ ಚಿಲ್ಲರೆ ಕೆಲಸಗಳಿಗೆ ಬಳಕೆಯಾಗುತ್ತದೆ. ಕ್ರೋಮ್‌ಗೆ ಇದು 2017ರಲ್ಲೇ ಬಂತು. ಸಫಾರಿಗೆ ಬರಲು 2023ರ ಮಾರ್ಚ್ ಆಯಿತು. ತಿಳಿಯದ ಬಣ್ಣ ಅಥವಾ ಅಂಚು ಎದುರಾದರೆ ಬ್ರೌಸರ್ ಅದನ್ನಷ್ಟೇ ಬಿಟ್ಟು ಮುಂದೆ ಹೋಗುತ್ತದೆ. ಇಲ್ಲಿ ಹಾಗಲ್ಲ, ಇದು ವ್ಯಾಕರಣದ ದೋಷ. ಒಂದು ಸಾಲು ಅರ್ಥವಾಗದಿದ್ದರೆ ಇಡೀ ಸ್ಕ್ರಿಪ್ಟ್ ಕಡತವನ್ನೇ ಬ್ರೌಸರ್ ತಳ್ಳಿಹಾಕುತ್ತದೆ. ಈಗಿನ ಬಹಳಷ್ಟು ತಾಣಗಳು ಸ್ಕ್ರಿಪ್ಟ್ ಇಲ್ಲದೆ ಏನನ್ನೂ ತೋರಿಸುವುದಿಲ್ಲ. ಫೋನಿನಲ್ಲಿ ಉಳಿಯುವುದು ಬಿಳಿ ಪರದೆ.

ಇದಕ್ಕೆ ಬೆಂಗಳೂರಿನ ನಂಟೂ ಇದೆ. ಐಫೋನ್ 7 ಅನ್ನು ವಿಸ್ಟ್ರಾನ್ ಕಂಪನಿ 2019ರಲ್ಲಿ ಬೆಂಗಳೂರಿನಲ್ಲಿ ಜೋಡಿಸಲಾರಂಭಿಸಿತ್ತು. ಮೂರು ವರ್ಷದ ನಂತರ, 2022ರ ಸೆಪ್ಟೆಂಬರ್‌ನಲ್ಲಿ ಬಂದ ಐಫೋನ್ ಕಾರ್ಯವ್ಯವಸ್ಥೆ ಐಒಎಸ್ 16 ಆ ಫೋನನ್ನು ಕೈಬಿಟ್ಟಿತು. ಐಫೋನ್‌ನಲ್ಲಿ ಸಫಾರಿ ಹೊಸದಾಗಬೇಕಾದರೆ ಐಒಎಸ್ ಹೊಸದಾಗಬೇಕು. ಅಂದರೆ ಬೆಂಗಳೂರಿನಲ್ಲಿ ತಯಾರಾದ ಆ ಫೋನಿಗೆ ಲುಕ್‌ಬಿಹೈಂಡ್ ಎಂದಿಗೂ ಬರುವುದಿಲ್ಲ. ಕ್ರೋಮ್ ಬಳಸಿ ಎಂಬ ಸಹಾಯವಾಣಿಯ ಸಲಹೆಯೂ ಇಲ್ಲಿ ನಡೆಯದು, ಏಕೆಂದರೆ ಆ ಕ್ರೋಮ್‌ನ ಒಳಗಿರುವುದೂ ಅದೇ ಹಳೆಯ ವೆಬ್‌ಕಿಟ್.

ಈ ದೋಷವನ್ನು ಕೈಯಲ್ಲಿಟ್ಟುಕೊಂಡು ಉಪಕರಣಗಳ ಮುಂದೆ ನಿಂತರೆ ಒಂದೊಂದರ ನಿಜಬಣ್ಣ ಕಾಣುತ್ತದೆ.

ಹಿರಿಯಣ್ಣ ಸೆಲೆನಿಯಮ್. 2004ರಲ್ಲಿ ಶಿಕಾಗೋದ ಥಾಟ್‌ವರ್ಕ್ಸ್ ಕಚೇರಿಯಲ್ಲಿ ಜೇಸನ್ ಹಗ್ಗಿನ್ಸ್ ಇದನ್ನು ಶುರುಮಾಡಿದರು. ಆ ಕಾಲದ ಟೆಸ್ಟಿಂಗ್ ಮಾರುಕಟ್ಟೆಯ ದೊಡ್ಡ ಕುಳ ಮರ್ಕ್ಯುರಿ ಇಂಟರಾಕ್ಟಿವ್. ಪಾದರಸದ ವಿಷಕ್ಕೆ ಸೆಲೆನಿಯಮ್ ಮದ್ದು ಎಂಬ ತಮಾಷೆಯಿಂದ ಹೆಸರು ಹುಟ್ಟಿತು. ಮುಂದೆ ಸೈಮನ್ ಸ್ಟುವರ್ಟ್ ರೂಪಿಸಿದ, ಬ್ರೌಸರ್ ಅನ್ನು ಸ್ಕ್ರಿಪ್ಟ್‌ನಿಂದ ಓಡಿಸುವ ವೆಬ್‌ಡ್ರೈವರ್ ಇದರೊಂದಿಗೆ ಬೆರೆತು, 2018ರ ಜೂನ್‌ನಲ್ಲಿ ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಂನ ಅಧಿಕೃತ ಮಾನದಂಡವಾಯಿತು. ಬೆಂಗಳೂರಿನ ಐಟಿ ಕಂಪನಿಗಳಲ್ಲಿ ಸಾವಿರಾರು ಟೆಸ್ಟರ್‌ಗಳ ಸಂಬಳ ನಡೆಯುವುದು ಈ ಉಪಕರಣದ ಮೇಲೆ. ಸೆಲೆನಿಯಮ್‌ನ ಅಂತರರಾಷ್ಟ್ರೀಯ ಸಮ್ಮೇಳನ 2014ರಲ್ಲೂ 2018ರಲ್ಲೂ ಬೆಂಗಳೂರಿಗೆ ಬಂದಿತ್ತು.

ಮಾನದಂಡವಾದದ್ದರ ಲಾಭ ದೊಡ್ಡದು. ಕ್ರೋಮ್, ಫೈರ್‌ಫಾಕ್ಸ್, ಎಡ್ಜ್, ಸಫಾರಿ ಎಲ್ಲವುಗಳ ತಯಾರಕರೇ ತಂತಮ್ಮ ಡ್ರೈವರ್ ಕೊಡುತ್ತಾರೆ; ಹಾಗಾಗಿ ಸೆಲೆನಿಯಮ್ ಓಡಿಸುವುದು ಜನ ಬಳಸುವ ಅಸಲಿ ಬ್ರೌಸರ್ ಅನ್ನೇ. 2016ರಿಂದ ಸಫಾರಿಯ ಒಳಗೇ ಈ ಡ್ರೈವರ್ ಇದೆ. ಆದರೆ ಸಫಾರಿಗೆ ಮ್ಯಾಕ್ ಬೇಕು, ವಿಂಡೋಸ್‌ಗಾಗಿ ಸಫಾರಿ ಬಿಡುಗಡೆಯಾಗುವುದು 2012ರಲ್ಲೇ ನಿಂತಿತು. ಕಾಯುವ ಹೊಣೆಯನ್ನು ಸೆಲೆನಿಯಮ್ ಬರೆಯುವವನ ತಲೆಗೆ ಕಟ್ಟುವುದು ಇನ್ನೊಂದು ತೊಡಕು. ಬಟನ್ ಮೂಡುವ ಮೊದಲೇ ಸ್ಕ್ರಿಪ್ಟ್ ಅದನ್ನು ಒತ್ತಲು ಹೋಗಿ ಬೀಳುತ್ತದೆ, ಮತ್ತೆ ಓಡಿಸಿದರೆ ಪಾಸಾಗುತ್ತದೆ. ಟೆಸ್ಟರ್‌ಗಳು ಇದನ್ನು ‘ಫ್ಲೇಕಿ’ ಎಂದು ಬೈಯುತ್ತಾರೆ. ಇದು ಬಡ ತಂಡಗಳ ಗೋಳು ಮಾತ್ರವಲ್ಲ. ತನ್ನ ಎಲ್ಲ ಬಗೆಯ ಪರೀಕ್ಷೆಗಳಲ್ಲಿ ಶೇಕಡ 16ರಷ್ಟರಲ್ಲಿ ಒಂದಲ್ಲ ಒಂದು ಮಟ್ಟದ ಈ ಚಂಚಲತೆ ಇದೆ ಎಂದು ಗೂಗಲ್ 2016ರಲ್ಲಿ ಹೇಳಿಕೊಂಡಿತ್ತು. ದಿನಾ ಸುಮ್ಮಸುಮ್ಮನೆ ಬೀಳುವ ಪರೀಕ್ಷೆಯನ್ನು ಯಾರೂ ನಂಬುವುದಿಲ್ಲ. ಅಸಲಿ ದೋಷ ಬಂದ ದಿನವೂ ಮತ್ತೊಮ್ಮೆ ಓಡಿಸಿ ಸುಮ್ಮನಾಗುತ್ತಾರೆ.

ಈ ಬೇಸರದ ಬೆನ್ನಲ್ಲೇ ಸೈಪ್ರೆಸ್ ಬಂತು. ಇದರ ಪರೀಕ್ಷೆ ಬ್ರೌಸರ್‌ನ ಒಳಗೇ, ಪುಟದ ಪಕ್ಕದಲ್ಲೇ ಕುಳಿತು ಓಡುತ್ತದೆ. ಪ್ರತಿ ಹೆಜ್ಜೆಯನ್ನೂ ಹಿಂದೆ ಸರಿದು ನೋಡಬಹುದು, ಪುಟ ಬರೆದ ಡೆವಲಪರ್ ತಾನೇ ಪರೀಕ್ಷೆಯನ್ನೂ ಬರೆಯಬಹುದು. ಒಳಗೆ ಕುಳಿತದ್ದೇ ಇದರ ಮಿತಿಯೂ ಆಯಿತು. ಒಂದು ಪರೀಕ್ಷೆಯ ನಡುವೆ ಬೇರೆ ತಾಣಕ್ಕೆ ಹಾರಿ ಮರಳುವುದು ಬಹಳ ಕಾಲ ಸಾಧ್ಯವಿರಲಿಲ್ಲ. ನಮ್ಮಲ್ಲಿ ವಿದ್ಯುತ್ ಬಿಲ್ ಕಟ್ಟಿದರೂ ಬಸ್ ಟಿಕೆಟ್ ಕೊಂಡರೂ ಪುಟ ಮೊದಲು ಪೇಮೆಂಟ್ ಗೇಟ್‌ವೇಗೆ, ಅಲ್ಲಿಂದ ಒಟಿಪಿ ಕೇಳುವ ಬ್ಯಾಂಕಿಗೆ ಹಾರುತ್ತದೆ. ಈ ಜಿಗಿತಕ್ಕೆ ಪಕ್ಕಾ ವ್ಯವಸ್ಥೆ ಸೈಪ್ರೆಸ್‌ನಲ್ಲಿ ಆದದ್ದು 2022ರ ಕೊನೆಗೆ. ಬ್ರೌಸರ್‌ಗಳ ವಿಷಯದಲ್ಲೂ ಅದು ನಿಧಾನ. ಫೈರ್‌ಫಾಕ್ಸ್ ಮತ್ತು ಎಡ್ಜ್ ಸೇರಿದ್ದು 2020ರ ಫೆಬ್ರವರಿಯಲ್ಲಿ. 2022ರಲ್ಲಿ ಪ್ರಾಯೋಗಿಕವಾಗಿ ಸೇರಿದ ವೆಬ್‌ಕಿಟ್ ಕೂಡ ಪ್ಲೇರೈಟ್‌ನಿಂದ ಎರವಲು ಪಡೆದದ್ದು.

ಪ್ಲೇರೈಟ್ ಇಂದಿನ ಅಚ್ಚುಮೆಚ್ಚು. ಗೂಗಲ್‌ನಲ್ಲಿ ಪಪೆಟಿಯರ್ ಎಂಬ ಇಂಥದ್ದೇ ಉಪಕರಣ ಕಟ್ಟಿದ್ದ ಎಂಜಿನಿಯರ್‌ಗಳು ಮೈಕ್ರೋಸಾಫ್ಟ್‌ಗೆ ಹೋಗಿ 2020ರ ಜನವರಿಯಲ್ಲಿ ಇದನ್ನು ಬಿಡುಗಡೆ ಮಾಡಿದರು. ಬಟನ್ ಕಾಣುವವರೆಗೆ, ಒತ್ತಲು ಸಿದ್ಧವಾಗುವವರೆಗೆ ತಾನೇ ಕಾಯುತ್ತದೆ. ಕ್ರೋಮ್‌ನ ಮುಕ್ತ ರೂಪವಾದ ಕ್ರೋಮಿಯಂ, ಫೈರ್‌ಫಾಕ್ಸ್, ವೆಬ್‌ಕಿಟ್ ಮೂರೂ ಒಂದೇ ಆಜ್ಞೆಗೆ ಇಳಿದು ಬರುತ್ತವೆ, ವಿಂಡೋಸ್‌ನಲ್ಲೂ ಲಿನಕ್ಸ್‌ನಲ್ಲೂ ಓಡುತ್ತವೆ. ಮ್ಯಾಕ್ ಕೊಳ್ಳಲಾಗದ ಸಣ್ಣ ತಂಡಕ್ಕೆ ಇದು ನಿಜವಾಗಿಯೂ ವರ. ದುಡ್ಡೂ ಕೊಡಬೇಕಿಲ್ಲ. ಹೊಸದಾಗಿ ಶುರುಮಾಡುವವರು ದಿನನಿತ್ಯದ ಕೆಲಸಕ್ಕೆ ಇದನ್ನೇ ಆರಿಸಬೇಕು ಎಂಬುದರಲ್ಲಿ ಈಗ ಹೆಚ್ಚು ವಾದಕ್ಕೆ ಜಾಗವಿಲ್ಲ.

ಅಪಾಯ ಇರುವುದೂ ಇಲ್ಲೇ. ಪ್ಲೇರೈಟ್ ಓಡಿಸುವ ವೆಬ್‌ಕಿಟ್ ಆಪಲ್ ಮಾರುವ ಸಫಾರಿಯಲ್ಲ. ಅದು ವೆಬ್‌ಕಿಟ್‌ನ ಮುಕ್ತ ಮೂಲದಿಂದ ತೆಗೆದು, ತಿದ್ದಿ, ತನಗೆ ಬೇಕಾದಂತೆ ಕಟ್ಟಿಕೊಂಡ ಆವೃತ್ತಿ. ಐಫೋನ್‌ನ ಮೇಲೇಳುವ ಕೀಬೋರ್ಡ್ ಅದರಲ್ಲಿಲ್ಲ, ಕುಗ್ಗಿ ಹಿಗ್ಗುವ ಕೆಳಪಟ್ಟಿಯಿಲ್ಲ. ಇದಕ್ಕಿಂತ ಮುಖ್ಯವಾಗಿ, ಅದು ಸದಾ ಹೊಚ್ಚಹೊಸತು. ಲುಕ್‌ಬಿಹೈಂಡ್ ಇರುವ ಪುಟವನ್ನು ಈಗಿನ ಪ್ಲೇರೈಟ್‌ನಲ್ಲಿ ಓಡಿಸಿದರೆ ಮೂರು ಎಂಜಿನ್‌ಗಳ ಎದುರೂ ಹಸಿರು ಟಿಕ್ ಬೀಳುತ್ತದೆ. ಐಫೋನ್ 7ರಲ್ಲಿ ಪುಟ ಬಿಳಿಯಾಗಿಯೇ ಇರುತ್ತದೆ. ಉಪಕರಣ ಸುಳ್ಳು ಹೇಳಿಲ್ಲ. ಇಂದಿನ ವೆಬ್‌ಕಿಟ್‌ನಲ್ಲಿ ನಡೆಯುತ್ತದೆಯೇ ಎಂದು ಕೇಳಿದ್ದಕ್ಕೆ ನಡೆಯುತ್ತದೆ ಎಂದಿದೆ. ವರದಿಯಲ್ಲಿ ‘ಸಫಾರಿ ಪರೀಕ್ಷೆ ಮುಗಿದಿದೆ’ ಎಂದು ಬರೆಯುವವರು ಮನುಷ್ಯರು.

ಕ್ರೋಮ್‌ನ ಡೆವಲಪರ್ ಟೂಲ್ಸ್‌ನಲ್ಲಿ ‘ಐಫೋನ್’ ಎಂದು ಆರಿಸಿ ನೋಡುವವರ ಕಥೆ ಇನ್ನೂ ತೆಳು. ಅಲ್ಲಿ ಕಿಟಕಿ ಚಿಕ್ಕದಾಗುತ್ತದೆ, ಬ್ರೌಸರ್ ತನ್ನ ಗುರುತನ್ನು ಬದಲಿಸಿ ಹೇಳುತ್ತದೆ, ಎಂಜಿನ್ ಮಾತ್ರ ಅದೇ ಬ್ಲಿಂಕ್. ಕಿರೀಟ ಕಟ್ಟಿದ ಮಾತ್ರಕ್ಕೆ ವೇಷಧಾರಿ ಅರಸನಾಗುವುದಿಲ್ಲ. ಪುಟದ ಹೊಂದಾಣಿಕೆ ನೋಡಲು ಅದು ಸಾಕು, ಐಫೋನ್‌ನಲ್ಲಿ ನೋಡಿದೆವು ಎನ್ನಲು ಸಾಲದು.

ಹಾಗಾದರೆ ಅಸಲಿ ಸಾಧನವನ್ನೇ ಬಾಡಿಗೆಗೆ ಪಡೆಯುವ ದಾರಿ ಉಳಿಯಿತು. ಸೆಲೆನಿಯಮ್‌ನ ಹಗ್ಗಿನ್ಸ್ ಅವರೇ ಇತರರ ಜೊತೆ ಸೇರಿ 2008ರಲ್ಲಿ ಸಾಸ್ ಲ್ಯಾಬ್ಸ್ ಕಟ್ಟಿದರು. ಮುಂಬೈಯಲ್ಲಿ ಐಐಟಿ ಬಾಂಬೆಯ ರಿತೇಶ್ ಅರೋರಾ ಮತ್ತು ನಕುಲ್ ಅಗರ್ವಾಲ್ 2011ರಲ್ಲಿ ಬ್ರೌಸರ್‌ಸ್ಟ್ಯಾಕ್ ಆರಂಭಿಸಿದರು. 2021ರ ಜೂನ್‌ನಲ್ಲಿ ಆ ಕಂಪನಿ 20 ಕೋಟಿ ಡಾಲರ್ ಬಂಡವಾಳ ಎತ್ತಿದಾಗ ಅದರ ಮೌಲ್ಯವನ್ನು 400 ಕೋಟಿ ಡಾಲರ್ ಎಂದು ಎಣಿಸಲಾಗಿತ್ತು. ಬ್ರೌಸರ್‌ಗಳ ನಡುವಿನ ಅಸಂಗತಿಯೇ ಎಷ್ಟು ದೊಡ್ಡ ವ್ಯಾಪಾರ ಎಂಬುದಕ್ಕೆ ಬೇರೆ ಪುರಾವೆ ಬೇಡ. ಇಂಥ ಸೇವೆಗಳ ದತ್ತಾಂಶ ಕೇಂದ್ರಗಳಲ್ಲಿ ನಿಜವಾದ ಫೋನುಗಳು ಸಾಲಾಗಿ ಕುಳಿತಿರುತ್ತವೆ. ಹುಬ್ಬಳ್ಳಿಯಲ್ಲಿ ಕುಳಿತವರು ತಮ್ಮ ಬ್ರೌಸರ್‌ನಿಂದಲೇ ದೂರದ ಐಫೋನ್ 7ರ ಪರದೆಯನ್ನು ತಟ್ಟಬಹುದು, ಬಿಳಿ ಪುಟವನ್ನು ಕಣ್ಣಾರೆ ನೋಡಬಹುದು. ನಮ್ಮ ಉದಾಹರಣೆಯ ದೋಷ ಸಿಕ್ಕಿಬೀಳುವುದು ಇಲ್ಲಿಯೇ.

ಆದರೆ ಈ ಬಾಡಿಗೆಯನ್ನು ತಿಂಗಳು ತಿಂಗಳೂ ಡಾಲರ್ ಲೆಕ್ಕದಲ್ಲಿ ಕಟ್ಟಬೇಕು, ಪರೀಕ್ಷೆಯೂ ನಿಧಾನ. ಜೊತೆಗೆ ಸಾವಿರಾರು ಸಾಧನಗಳಿವೆ ಎಂಬ ಜಾಹೀರಾತಿನ ಸಂಖ್ಯೆ ನಮ್ಮ ಊರಿನ ಕೈಗಳಲ್ಲಿರುವ ಫೋನುಗಳ ಪಟ್ಟಿಯಲ್ಲ. ಈ ಸೇವೆಗಳಿಗೆ ಹಣ ಕೊಡುವ ದೊಡ್ಡ ಗಿರಾಕಿಗಳು ಅಮೆರಿಕ, ಯುರೋಪಿನವರು. ಅಂಗಡಿ ಯಾರಿಗಾಗಿ ಮಾಲು ಇಡುತ್ತದೆ ಎಂಬುದು ಊಹಿಸಲು ಕಷ್ಟವಲ್ಲ. 2017ರಲ್ಲಿ ಬಂದ ಜಿಯೋಫೋನ್‌ನ ಕಾಯ್‌ಒಎಸ್ ಗೆಕೊ ಎಂಜಿನ್‌ನ 48ನೇ ಆವೃತ್ತಿಯ ಮೇಲೆ ನಿಂತಿತ್ತು; ಬಟನ್ ಒತ್ತಿ ಬ್ರೌಸ್ ಮಾಡುವ ಆ ಫೋನನ್ನು ತಮ್ಮ ಪಟ್ಟಿಯಲ್ಲಿ ಇಟ್ಟುಕೊಂಡ ತಂಡಗಳು ಎಷ್ಟಿದ್ದವು? ಆಂಡ್ರಾಯ್ಡ್ 7 ಇರುವ ಫೋನುಗಳಿಗೆ ಕ್ರೋಮ್ 119 ಕೊನೆಯದು, ಆಂಡ್ರಾಯ್ಡ್ 8 ಮತ್ತು 9ಕ್ಕೆ 138 ಕೊನೆಯದು. ಮನೆಯಲ್ಲಿ ದೊಡ್ಡವರು ಬಳಸಿ ಬಿಟ್ಟ ಫೋನು ಮಕ್ಕಳ ಕೈಗೆ, ಅಜ್ಜಿಯ ಕೈಗೆ ಹೋಗುವ ದೇಶದಲ್ಲಿ ಇವು ಕಸದ ಬುಟ್ಟಿಯ ಸಂಖ್ಯೆಗಳಲ್ಲ.

ಇಷ್ಟೂ ಉಪಕರಣಗಳಿಗೆ ಸಮಾನವಾಗಿ ಕಾಣದ ಇನ್ನೊಂದಿದೆ: ಕನ್ನಡದ ಒತ್ತಕ್ಷರ.

‘ರಾಷ್ಟ್ರೀಯ’, ‘ಸ್ತ್ರೀ’, ‘ಶಾಸ್ತ್ರ’ ಇಂಥ ಪದಗಳಲ್ಲಿ ಅಕ್ಷರದ ಕೆಳಗೆ ಒತ್ತು, ಒತ್ತಿನ ಜೊತೆ ಮತ್ತೊಂದು ಒತ್ತು ಇಳಿಯುತ್ತದೆ. ಇಂಗ್ಲಿಷ್ ಅಳತೆಗೆ ಹೊಲಿದ ಬಟನ್‌ಗೆ ನಿಗದಿತ ಎತ್ತರ ಇಟ್ಟು, ಹೊರಚಾಚಿದ್ದನ್ನು ಕತ್ತರಿಸು ಎಂದು ಬರೆದಿದ್ದರೆ ಆ ಒತ್ತುಗಳ ಬುಡ ಮಾಯ. ಅದು ಎಲ್ಲ ಕಡೆ ಒಂದೇ ರೀತಿ ಮಾಯವಾಗುವುದೂ ಇಲ್ಲ. ಕನ್ನಡದ ಫಾಂಟ್ ವಿಂಡೋಸ್‌ನಲ್ಲಿ ಹಿಂದೆ ತುಂಗಾ, ಈಗ ನಿರ್ಮಲಾ, ಆಂಡ್ರಾಯ್ಡ್‌ನಲ್ಲಿ ನೋಟೊ, ಹಳೆಯ ಐಫೋನ್‌ಗಳಲ್ಲಿ ಕನ್ನಡ ಸಂಗಮ್. ಒಂದೊಂದರ ಅಗಲ ಬೇರೆ, ಒತ್ತು ಇಳಿಯುವ ಆಳ ಬೇರೆ. ಅಕ್ಷರ ಜೋಡಿಸುವ ಯಂತ್ರವೂ ಬೇರೆ: ಕ್ರೋಮ್ ಮತ್ತು ಫೈರ್‌ಫಾಕ್ಸ್ ಹಾರ್ಫ್‌ಬಝ್ ಎಂಬ ಮುಕ್ತ ತಂತ್ರಾಂಶವನ್ನು ನೆಚ್ಚಿದ್ದರೆ, ಸಫಾರಿ ಆಪಲ್‌ನದೇ ಕೋರ್‌ಟೆಕ್ಸ್ಟ್ ಬಳಸುತ್ತದೆ. ಒಂದು ಫೋನಿನಲ್ಲಿ ಒಂದೇ ಸಾಲಿನಲ್ಲಿ ಕೂತ ಶೀರ್ಷಿಕೆ ಇನ್ನೊಂದರಲ್ಲಿ ಎರಡು ಸಾಲಾಗಿ ಕೆಳಗಿನ ಬಟನ್ ಅನ್ನು ಪರದೆಯಾಚೆ ತಳ್ಳುತ್ತದೆ.

ಸ್ಕ್ರಿಪ್ಟ್‌ಗೆ ಇದಾವುದೂ ಕಾಣದು. ಸೆಲೆನಿಯಮ್ ಆಗಲಿ ಪ್ಲೇರೈಟ್ ಆಗಲಿ ಬಟನ್‌ನಲ್ಲಿ ಯಾವ ಪಠ್ಯವಿದೆ ಎಂದು ಕೇಳಿದರೆ ಪುಟದ ಒಳರಚನೆಯಿಂದ ‘ರಾಷ್ಟ್ರೀಯ’ ಎಂಬ ಸಂಕೇತಗಳನ್ನು ಓದಿ ಪಾಸು ಎನ್ನುತ್ತದೆ. ಪರದೆಯ ಮೇಲೆ ಕಾಣುತ್ತಿರುವುದು ಬುಡ ಕತ್ತರಿಸಿದ ಅಕ್ಷರ ಎಂಬುದು ಅದರ ಲೆಕ್ಕಕ್ಕೇ ಇಲ್ಲ. ತಿರುಗುಮುರುಗಾದದ್ದೂ ಉಂಟು. ‘ಕೋ’ ಎಂಬುದರ ಓತ್ವವನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಇಡಬಹುದು, ಬಿಡಿಸಿ ಎರಡಾಗಿಯೂ ಇಡಬಹುದು. ಕಣ್ಣಿಗೆ ಎರಡೂ ಒಂದೇ. ಆದರೆ ಸಂಕೇತಗಳನ್ನು ನೇರ ಹೋಲಿಸುವ ಪರೀಕ್ಷೆ ಅದನ್ನು ತಪ್ಪೆಂದು ಕೆಂಪು ಮಾಡುತ್ತದೆ. ಏನೂ ಕೆಡದ ಕಡೆ ಕೂಗು ಹಾಕಿ, ಕೆಟ್ಟ ಕಡೆ ಸುಮ್ಮನಿರುವ ಕಾವಲುಗಾರ ಇದು.

ಪರದೆಯ ಚಿತ್ರ ತೆಗೆದು ಹಳೆಯ ಚಿತ್ರದೊಂದಿಗೆ ಹೋಲಿಸುವ ಉಪಕರಣಗಳು ಈ ಕೊರತೆಯನ್ನು ಬಹುಮಟ್ಟಿಗೆ ತುಂಬುತ್ತವೆ. ಬ್ರೌಸರ್‌ಸ್ಟ್ಯಾಕ್ 2020ರಲ್ಲಿ ಕೊಂಡ ಪರ್ಸಿ, ಅಪ್ಲಿಟೂಲ್ಸ್, ಪ್ಲೇರೈಟ್‌ನ ಒಳಗೇ ಇರುವ ಸ್ಕ್ರೀನ್‌ಶಾಟ್ ಹೋಲಿಕೆ ಎಲ್ಲವೂ ಈ ಜಾತಿಯವು. ಇಲ್ಲೂ ಒಂದು ಎಚ್ಚರ ಬೇಕು. ಇಂಥ ಪರೀಕ್ಷೆಗಳು ಸಾಮಾನ್ಯವಾಗಿ ಓಡುವುದು ಪರದೆಯಿಲ್ಲದ ಲಿನಕ್ಸ್ ಸರ್ವರ್‌ಗಳಲ್ಲಿ. ಕನ್ನಡ ಫಾಂಟ್ ಹಾಕದಿದ್ದರೆ ಅಲ್ಲಿ ಪ್ರತಿ ಅಕ್ಷರವೂ ಖಾಲಿ ಚೌಕ. ಮೊದಲ ದಿನದ ಚಿತ್ರದಲ್ಲೂ ಚೌಕ, ಇಂದಿನದರಲ್ಲೂ ಚೌಕ, ಎರಡೂ ಒಂದೇ ಆದ್ದರಿಂದ ಪಾಸು! ಮೊದಲ ಚಿತ್ರವನ್ನು ಕನ್ನಡ ಓದಬಲ್ಲವರೊಬ್ಬರು ನೋಡಿ ಒಪ್ಪಬೇಕು. ಆ ಒಂದು ಕೆಲಸವನ್ನು ಯಾವ ಉಪಕರಣಕ್ಕೂ ವಹಿಸಲಾಗದು.

ಇದಕ್ಕೆಲ್ಲ ಬರುವ ಎದುರುವಾದ ಹಳೆಯದು. ಭಾರತದಲ್ಲಿ ಬಹುಪಾಲು ಜನ ಆಂಡ್ರಾಯ್ಡ್ ಮತ್ತು ಕ್ರೋಮ್ ಬಳಸುತ್ತಾರೆ, ಉಳಿದ ಕೆಲವರಿಗಾಗಿ ಇಷ್ಟು ಖರ್ಚೇಕೆ ಎಂಬುದು. ಬಟ್ಟೆ ಮಾರುವ ಅಂಗಡಿ ಹಾಗೆ ಹೇಳಿದರೆ ಅದು ಅವರ ಲಾಭನಷ್ಟ. ಸೇವಾಸಿಂಧುವಿನಂಥ ಸರ್ಕಾರಿ ತಾಣಕ್ಕೆ ಆ ಮಾತು ಆಡುವ ಹಕ್ಕಿಲ್ಲ, ಏಕೆಂದರೆ ಜಾತಿ ಪ್ರಮಾಣಪತ್ರ ಬೇಕಾದವರಿಗೆ ಪಕ್ಕದಲ್ಲಿ ಇನ್ನೊಂದು ಅಂಗಡಿಯಿಲ್ಲ. ಭಾರತ ಸರ್ಕಾರದ ಜಾಲತಾಣಗಳ ಮಾರ್ಗಸೂಚಿ 2009ರಲ್ಲೇ ಬಂತು. ಹಲವು ಬ್ರೌಸರ್‌ಗಳಲ್ಲಿ ಪರೀಕ್ಷಿಸಿ, ಹಿಂದಿ ಮತ್ತು ಪ್ರಾದೇಶಿಕ ಭಾಷೆಗಳ ಫಾಂಟ್‌ಗಳು ಕೆಡುವುದಿಲ್ಲವೆಂದು ಖಚಿತಪಡಿಸಿಕೊಳ್ಳಿ ಎಂಬ ಅಂಶ ಅದರ ಆರಂಭದ ಆವೃತ್ತಿಯಲ್ಲೇ ಇತ್ತು. ನಿಯಮವೇನೋ ಇದೆ. ಯಾವ ಫೋನಿನಲ್ಲಿ, ಯಾವ ಆವೃತ್ತಿಯಲ್ಲಿ ಎಂಬ ವಿವರ ಟೆಂಡರ್‌ನಲ್ಲಿ ಇಳಿಯದ ತನಕ ಗುತ್ತಿಗೆದಾರ ತನ್ನ ಲ್ಯಾಪ್‌ಟಾಪ್‌ನ ಕ್ರೋಮ್‌ನಲ್ಲಿ ತೋರಿಸಿ ಬಿಲ್ ಪಡೆಯುತ್ತಾನೆ.

ಬ್ರೌಸರ್ ತಯಾರಕರು ತಂತಮ್ಮಲ್ಲೇ ಅಂತರ ಕಡಿಮೆ ಮಾಡಿಕೊಳ್ಳುತ್ತಿದ್ದಾರೆ ಎಂಬುದೂ ನಿಜ. ಆಪಲ್, ಗೂಗಲ್, ಮೈಕ್ರೋಸಾಫ್ಟ್, ಮೊಜಿಲ್ಲಾ ಸೇರಿ ನಡೆಸುವ ‘ಇಂಟರಾಪ್’ ಎಂಬ ಯೋಜನೆ 2022ರಲ್ಲಿ ಪರದೆಯ ಎತ್ತರದ ಆ ಹೊಸ ಅಳತೆಗಳನ್ನೂ ಕೈಗೆತ್ತಿಕೊಂಡಿತ್ತು. ಎಲ್ಲ ಮುಖ್ಯ ಬ್ರೌಸರ್‌ಗಳಿಗೆ ಬಂದು 30 ತಿಂಗಳಾದ ಸೌಲಭ್ಯವನ್ನು ವ್ಯಾಪಕವಾಗಿ ಲಭ್ಯ ಎಂದು ಗುರುತಿಸುವ ‘ಬೇಸ್‌ಲೈನ್’ ಎಂಬ ಪಟ್ಟಿಯೂ ಇದೆ. ಉಪಯುಕ್ತ ಪಟ್ಟಿಯೇ. ಆದರೆ ಅದರ ಲೆಕ್ಕದಲ್ಲಿ ಲುಕ್‌ಬಿಹೈಂಡ್ 2025ರ ಸೆಪ್ಟೆಂಬರ್‌ಗೆ ಆ ಗಡಿ ದಾಟಿತು. ಬೆಂಗಳೂರಿನ ಐಫೋನ್ 7 ದಾಟಲಿಲ್ಲ.

ಆದ್ದರಿಂದ ಸಣ್ಣ ತಂಡಕ್ಕೂ ಸರ್ಕಾರಕ್ಕೂ ಹೊಂದುವ ಆಯ್ಕೆ ಒಂದು ಮಿಶ್ರಣ. ಪ್ರತಿ ಬದಲಾವಣೆಗೂ ಪ್ಲೇರೈಟ್, ಅದರ ಸರ್ವರ್‌ನಲ್ಲಿ ಕನ್ನಡ ಫಾಂಟ್, ಜೊತೆಗೆ ಚಿತ್ರ ಹೋಲಿಕೆ. ಹಳೆಯ ಸೆಲೆನಿಯಮ್ ಸ್ಕ್ರಿಪ್ಟ್‌ಗಳಿದ್ದರೆ ಎಸೆಯದೆ ಅಸಲಿ ಸಫಾರಿಯ ಮೇಲೆ ಓಡಿಸುವುದಕ್ಕೆ ಉಳಿಸಿಕೊಳ್ಳಬೇಕು. ಬಿಡುಗಡೆಯ ಮುನ್ನಾದಿನಗಳಿಗೆ ಮಾತ್ರ ದೂರದ ಫೋನುಗಳ ಕ್ಲೌಡ್ ಬಾಡಿಗೆ. ಇವೆಲ್ಲದರ ಜೊತೆ ಸೆಕೆಂಡ್‌ಹ್ಯಾಂಡ್ ಅಂಗಡಿಯಿಂದ ತಂದ ಮೂರ್ನಾಲ್ಕು ಫೋನು: ಒಂದು ಐಒಎಸ್ 15ಕ್ಕೆ ನಿಂತದ್ದು, ಒಂದು ಆಂಡ್ರಾಯ್ಡ್ 8 ಅಥವಾ 9ರದ್ದು, ಒಂದು ಕಡಿಮೆ ಬೆಲೆಯ ಈಗಿನದು. ಕ್ಲೌಡ್ ಚಂದಾದ ಎದುರು ಈ ಖರ್ಚು ಒಮ್ಮೆ ಮಾತ್ರ.

ಸರ್ಕಾರದ ಟೆಂಡರ್‌ಗಳಲ್ಲಿ ಸೇರಬೇಕಾದದ್ದೂ ಇಷ್ಟೇ ನಿರ್ದಿಷ್ಟವಾಗಿರಬೇಕು. ತಾಣಕ್ಕೆ ಈಗಾಗಲೇ ಬರುತ್ತಿರುವ ಜನ ಯಾವ ಬ್ರೌಸರ್, ಯಾವ ಆವೃತ್ತಿ ಬಳಸುತ್ತಿದ್ದಾರೆ ಎಂಬ ಲೆಕ್ಕ ಪ್ರತಿ ಇಲಾಖೆಯ ಸರ್ವರ್‌ನಲ್ಲಿ ದಾಖಲಾಗಿರುತ್ತದೆ. ಅದರಿಂದ ಸಾಧನಗಳ ಪಟ್ಟಿ ಮಾಡಿ ಟೆಂಡರ್‌ಗೆ ಲಗತ್ತಿಸಲಿ, ವರ್ಷಕ್ಕೊಮ್ಮೆ ಪರಿಷ್ಕರಿಸಲಿ. ಯಾವ ಉಪಕರಣದಿಂದ ಪರೀಕ್ಷಿಸಿದರೆಂಬುದರ ಜೊತೆಗೆ ಆ ಉಪಕರಣ ನೋಡದೆ ಬಿಟ್ಟ ಸಾಧನಗಳು ಯಾವುವು ಎಂದೂ ವರದಿಯಲ್ಲಿ ಬರೆಸಲಿ. ಅರ್ಜಿ ತುಂಬಿ, ಹಣ ಕಟ್ಟಿ, ರಸೀದಿ ಪಡೆಯುವವರೆಗಿನ ದಾರಿಯನ್ನು ಇಲಾಖೆಯ ಸಿಬ್ಬಂದಿಯೇ ಆ ಪಟ್ಟಿಯ ಫೋನುಗಳಲ್ಲಿ, ಕನ್ನಡದಲ್ಲಿ ಪೂರೈಸಿದ ಮೇಲಷ್ಟೇ ಗುತ್ತಿಗೆದಾರರ ಕೊನೆಯ ಕಂತು ಬಿಡುಗಡೆಯಾಗಲಿ.